ಸುಲಭವಾಗಿ ತೆರೆಯದ ಚಾಕು

ಹಾಲಿನ ಪ್ಯಾಕೆಟ್ಟನ್ನು ತನ್ಮಯಿ ಹಲ್ಲಿನಿಂದ ಕಚ್ಚಿ ಎಳೆದಳು. ಅರ್ಧ ಹಾಲು ಒಲೆಕಟ್ಟೆಯ ಮೇಲೆ ಚೆಲ್ಲಿತು. ಒರೆಸಿ, ಬಟ್ಟೆಯನ್ನು ಸಿಂಕಿಗೆ ಎಸೆದಳು.

ಗಂಡ ಸುಘೋಷ್ ಹೋಗಿ ಹದಿನಾಲ್ಕನೆಯ ದಿನ. ವೈಕುಂಠ ಸಮಾರಾಧನೆ ಮುಗಿಸಿ ನೆಂಟರೆಲ್ಲ ನಿನ್ನೆಯೇ ಹೊರಟಿದ್ದರು. ಅದೊಂದು ದಿನಕ್ಕೆಂದು ಬಂದಿದ್ದ ಅಡುಗೆಯವರು ತಮ್ಮ ಈಳಿಗೆಮಣೆಗಳನ್ನು ಕೊಂಡೊಯ್ದಿದ್ದರು. ಬಸವೇಶ್ವರನಗರದ ಆ ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ಸತ್ಯವತಿ. ಉಳಿಯದೇ ಇದ್ದದ್ದು ಹರಿತವಾದ ವಸ್ತು. ಎರಡು ಚಾಕು, ಕತ್ತರಿ, ಸುಘೋಷನ ಶೇವಿಂಗ್ ಬ್ಲೇಡು, ಯಾವುದೂ ಜಾಗದಲ್ಲಿರಲಿಲ್ಲ. ಬಚ್ಚಲುಮನೆಯ ಒಳಚಿಲಕ ಇದ್ದ ಕಡೆ ನಾಲ್ಕು ತೂತುಗಳಿದ್ದವು.

ಐದು ದಿನದಿಂದ ಹೀಗೇ. ಹುರುಳಿಕಾಯಿಯನ್ನು ಕೈಯಲ್ಲಿ ಮುರಿಯಬೇಕು, ಈರುಳ್ಳಿಯನ್ನು ಲಟ್ಟಣಿಗೆಯಲ್ಲಿ ಜಜ್ಜಬೇಕು. ಸುಘೋಷ್ ತರಿಸಿದ್ದ ಪಾರ್ಸಲ್ಲಿನ ಟೇಪು ಕೀಳಲು ಹೋಗಿ ಉಗುರು ಮುರಿದಿತ್ತು.

"ತರಕಾರಿ ತರ್ತೀನಿ," ಎಂದಳು.

ನಡುಮನೆಯಲ್ಲಿದ್ದ ಸತ್ಯವತಿ ತಲೆಯೆತ್ತಿದರು. ಈಚೆಗೆ ಅವರ ಕಣ್ಣು ಸೊಸೆಯನ್ನು ಬಿಟ್ಟು ಕದಲುತ್ತಿರಲಿಲ್ಲ. "ಎಷ್ಟೊತ್ತಾಗುತ್ತೆ?"

"ಅರ್ಧ ಗಂಟೆ. ಪಕ್ಕದ್ಮನೆ ಜಗದಾಂಬಾ ಆಂಟಿ ಬರ್ತಾರೆ, ಮಾತಾಡ್ತಾ ಇರಿ."

ಜಗದಾಂಬಾ ಎದ್ದು ಹೋಗುವಷ್ಟರಲ್ಲಿ ವಾಪಸಾಗಬೇಕಿತ್ತು. ಸ್ಕೂಟರು ಹಂಪು ಹತ್ತಿಳಿದಾಗಲೆಲ್ಲ ಡಿಕ್ಕಿಯೊಳಗೆ ಏನೋ ಕಣಕಣ ಅಂದಿತು.

ಕುರುಬರಹಳ್ಳಿಯ ಹಾರ್ಡ್‌ವೇರ್ ಅಂಗಡಿಯ ಉಗ್ರಪ್ಪ ಮೂರು ಮಡಚುವ ಚಾಕುಗಳನ್ನು ಗಾಜಿನ ಮೇಲಿಟ್ಟ. "ಇದು ನೋಡಿ ಮೇಡಂ, ಬೆರಳು ತಾಗ್ಸಿದ್ರೆ ಸಾಕು, ತೆರ್ಕೊಳ್ಳುತ್ತೆ."

"ಬೇಡ. ಬಿಗಿ ಇರೋದು ಕೊಡಿ ಅಣ್ಣ."

"ಎಲ್ರೂ ಸುಲಭದ್ದು ಕೇಳ್ತಾರೆ. ನೀವೊಬ್ರೇ ಉಲ್ಟಾ."

ಎರಡನೆಯದರ ಹಿಡಿ ಕುರ್ತಾದ ಜೇಬಿನಿಂದ ಇಣುಕಿತು. ಅದೂ ಬೇಡ. ಮೂರನೆಯದು ಜೇಬಿನಲ್ಲಿ ಪೂರ್ತಿ ಮರೆಯಾಯಿತು. ಲಾಕು ಒತ್ತುವಾಗ ಅವಳ ಹೆಬ್ಬೆರಳೇ ನೋಯಿತು.

"ಇದೇ ಇರಲಿ."

ಉಗ್ರಪ್ಪ ಅವಳ ಮುಖವನ್ನೇ ನೋಡಿದ. "ಏನ್ ಕೆಲ್ಸಕ್ಕೆ ಮೇಡಂ?"

"ದಿನಾ ಇರೋದೇ. ಹಾಲು, ತರಕಾರಿ, ಪಾರ್ಸಲ್."

"ಅದಕ್ಕೆ ಜೇಬಲ್ಲಿ ಬಚ್ಚಿಡೋದು ಯಾಕೆ? ಮನೇಲಿ ಯಾರಾದ್ರೂ ಇದಾರಾ, ನಿಮ್ ಜೊತೆ?"

"ಇದಾರೆ. ಅದಕ್ಕೇ."

ಗೇಟಿನಲ್ಲೇ ಜಗದಾಂಬಾ ಎದುರಾದರು. ತನ್ಮಯಿ ಡಿಕ್ಕಿ ತೆರೆದು, ಹಳೆಯದೊಂದು ಮಡಚುವ ಚಾಕು ಹೊರತೆಗೆದಳು. "ನಿಮ್ಮನೆ ಅಂಕಲ್ ಹತ್ರ ಸುಘೋಷ್ ಇಸ್ಕೊಂಡಿದ್ದು. ಫ್ಯಾನಿನ ಡಬ್ಬ ಬಿಚ್ಚೋಕೆ."

"ಚಾಕು ಕೈಗೆ ಕೊಡ್ಬಾರ್ದು ಕಣೇ, ಕೆಳಗಿಡು."

ಅವಳು ಕಾಂಪೌಂಡ್ ಗೋಡೆಯ ಮೇಲಿಟ್ಟಳು. ಜಗದಾಂಬಾ ನೋಡುತ್ತಿದ್ದುದು ಚಾಕುವನ್ನಲ್ಲ, ಡಿಕ್ಕಿಯನ್ನು. ಒಳಗೆ ಎರಡು ಚಾಕು, ಕತ್ತರಿ, ಬ್ಲೇಡು, ಒಂದು ಚಿಲಕ.

"ಹಾಗಾದ್ರೆ ಇದೆಲ್ಲ ಎತ್ತಿಟ್ಕೊಂಡಿರೋದು ನೀನೇನಾ?"

"ಅತ್ತೆ ಕೈಗೆ ಸಿಗಬಾರ್ದು ಅಂತ, ಆಂಟಿ." ತನ್ಮಯಿ ಗೋಡೆಯ ಕಡೆ ತೋರಿಸಿದಳು. "ಅದು ಅವರ ದಿಂಬಿನ ಕೆಳಗಿತ್ತು. ಮಗನ ಹಿಂದೆ ಅವರೂ ಹೊರಟುಬಿಟ್ರೆ ನಂಗ್ಯಾರಿದಾರೆ?"

ಜಗದಾಂಬಾ ಗೇಟು ಹಿಡಿದುಕೊಂಡರು.

"ಕೆಟ್ಟ ಕನಸು ಬೀಳುತ್ತೆ ಅಂದ್ರು, ದಿಂಬಿನ ಕೆಳಗೆ ಕಬ್ಬಿಣ ಇಟ್ಕೊಳ್ಳಿ ಅಂತ ನಾನೇ ಹೇಳಿದ್ದು ಕಣೇ, ಅದು ಕಾಣೆಯಾದಾಗಿಂದ ಅವರು ಕಣ್ಣು ಮುಚ್ಚಿಲ್ಲ, ನೀನೇ ಏನಾದ್ರೂ ಮಾಡ್ಕೊಂಡ್ಬಿಡ್ತೀಯ ಅಂತ ನಿನ್ನ ಕಾಯ್ತಾ ಕೂತಿದಾರೆ."