ಬಾಯಿ ಬಿಟ್ಟ ಮೀನುಗಳು

2024ರ ಏಪ್ರಿಲ್ 18, ಗುರುವಾರ, ಬೆಳಿಗ್ಗೆ ಐದು ಐವತ್ತು. ಹಳ್ಳಿಮೈಸೂರಿನ ಆಚೆಯ ಕಟ್ಟೆಯಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು. ಎರಡು ವರ್ಷದಿಂದ ಅವನ್ನು ಸಾಕುತ್ತಿದ್ದ ಕೃಷ್ಣಪ್ಪ ದಡದಲ್ಲಿ ಕೂತು, ಹಿಂಡಿ ಕಲಸಿದ ತೌಡನ್ನು ಹಿಡಿಹಿಡಿಯಾಗಿ ಎಸೆಯುತ್ತಿದ್ದ.

"ಬಾರವ್ವಾ ಮಾನಸಾ. ನಿನ್ ಕಾಲೇಜ್ ಮಕ್ಳಿಗಿಂತ ಇವೇ ವಾಸಿ ಕಣವ್ವಾ, ಒತ್ತಾರೆಗೇ ಎದ್ದು ಸಾಲಾಗಿ ನಿಂತವೆ. ಪಾಪ, ಒಟ್ಟೆ ಅಸ್ದದೆ."

"ಹಾಕ್ಬೇಡಿ ಕೃಷ್ಣಣ್ಣ! ಹಸಿವಲ್ಲ ಅದು. ಅವಕ್ಕೆ ಉಸಿರು ಸಿಕ್ತಿಲ್ಲ."

ಹೊಳೆನರಸೀಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಾನಸಾಳ ಕೈಯಲ್ಲಿ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಮೀಟರಿತ್ತು. ಕಟ್ಟೆಯ ಮೇಲ್ಗಡೆಯ ಸಾಬೂನು ಕಾರ್ಖಾನೆ ಅವಳ ತಂದೆ ಪರಮಶಿವಯ್ಯನವರದು. ಸಾಬೂನು ಮಾಡಿ ಉಳಿದ ಗ್ಲಿಸರಿನ್ ನೀರನ್ನು ಏನು ಮಾಡಲಿ ಎಂದು ಅವರು ಕೇಳಿದಾಗ, "ವಿಷವಲ್ಲಪ್ಪ, ಸೂಕ್ಷ್ಮಜೀವಿಗಳು ನಾಲ್ಕೈದು ದಿನದಲ್ಲಿ ತಿಂದು ಮುಗಿಸ್ತವೆ" ಎಂದಿದ್ದಳು. ಎಷ್ಟು ನೀರು ಎಂದು ಕೇಳಿರಲಿಲ್ಲ. ಸೋಮವಾರ ಇಡೀ ತೊಟ್ಟಿಯನ್ನೇ ಕಟ್ಟೆಗೆ ಖಾಲಿ ಮಾಡಿಸಿದ್ದು ನಿನ್ನೆ ಊಟಕ್ಕೆ ಕೂತಾಗ ತಿಳಿಯಿತು.

"ನಿಮ್ಮಪ್ಪಾರು ಇಸ ಬುಟ್ರಾ?"

"ವಿಷ ಅಲ್ಲ, ಸಾಬೂನಿನ ಗ್ಲಿಸರಿನ್ ನೀರು. ಅದನ್ನ ತಿನ್ನೋ ಹುಳಗಳು, ಕಣ್ಣಿಗೆ ಕಾಣದಂಥವು, ನೀರಲ್ಲಿದ್ದ ಗಾಳಿನೆಲ್ಲ ಎಳ್ಕೊಂಡ್ಬಿಟ್ಟಿವೆ. ಈ ಹಿಂಡಿ ಕೊಳೆತ್ರೂ ಅಷ್ಟೆ."

ಕೃಷ್ಣಪ್ಪ ತನ್ನ ಹಿಡಿಯಲ್ಲಿದ್ದ ತೌಡನ್ನು ನೋಡಿದ. "ಅಂಗಾರೆ ಉಳ ಎಲ್ಲ ತಿಂದು ನೀರು ಶುದ್ಧ ಆಯ್ತಾ ಅದೆ ಅನ್ನು."

"ಹೂಂ" ಎಂದಳು ಮಾನಸಾ. "ಪಂಪ್‌ಸೆಟ್ ಹಾಕಿ ಅಣ್ಣ. ನೀರು ಮೇಲಿಂದ ಬಿದ್ರೆ ಗಾಳಿ ಸೇರುತ್ತೆ."

"ತ್ರೀ ಫೇಸ್ ಕರೆಂಟು ಬರಾದು ಒಂಬತ್ಗಂಟೆಗೆ ಕಣವ್ವಾ."

ಅವನು ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಎರಡೂ ಕೈಯಿಂದ ನೀರನ್ನು ಬಡಿದ, ಮೊಗೆಮೊಗೆದು ಮೇಲಕ್ಕೆ ಎರಚಿದ. ಮಾನಸಾ ತೌಡಿನ ಬಕೆಟ್ಟನ್ನು ದಡದ ಮೇಲೆ ಬರಿದು ಮಾಡಿ ತಾನೂ ಇಳಿದಳು. ಬಿಸಿಲೇರುವ ಹೊತ್ತಿಗೆ ದೊಡ್ಡ ಕಾಟ್ಲಾ ಮೀನೊಂದು ತೇಲುತ್ತ ಬಂದು ಅವನ ಕಾಲಿಗೆ ತಾಗಿ ಮಗುಚಿಕೊಂಡಿತು. ಅವನು ಅದರತ್ತ ನೋಡಲಿಲ್ಲ, ಎರಚುವುದನ್ನೂ ನಿಲ್ಲಿಸಲಿಲ್ಲ.

"ಈಗ ಅಳ್ದು ನೋಡವ್ವಾ. ವಸಿನಾದ್ರೂ ಏರ್ಯದಾ?"

ಮೀನು ಬದುಕಲು ಲೀಟರಿಗೆ ನಾಲ್ಕು ಮಿಲಿಗ್ರಾಮಾದರೂ ಬೇಕು. ಮೀಟರ್ ತೋರಿಸಿದ್ದು 0.4.