ಹಿಂದಿನ ಜೋಡಿ

ಹಿಂದಿನ ಇಬ್ಬರು ಮತ್ತೆ ನಿಂತರು.

ಗಡಿಯಾರ ರಿಪೇರಿಯವನ ಸೈಕಲ್ ಪಂಕ್ಚರ್ ಆಗಿತ್ತು. ಅದನ್ನು ತಲೆಕೆಳಗು ಮಾಡಿ ಟ್ಯೂಬ್ ಎಳೆಯುತ್ತಿದ್ದವನು ತಿರುವಿನತ್ತ ಕಣ್ಣು ಹಾಯಿಸಿದ. ಕೂಗಳತೆ ದೂರದಲ್ಲಿ ಆ ಜೋಡಿ ಬಂಡೆಯ ಮೇಲೆ ಆರಾಮಾಗಿ ಕುಳಿತಿತ್ತು. ದಾಟಿ ಹೋಗಲು ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು? ಆದರೂ ಹೋಗಲಿಲ್ಲ.

"ಹೊಂಚು ಹಾಕ್ತಿದ್ದಾರೆ ಅಕ್ಕಾ. ಕೊನೇ ಇಳಿಜಾರಲ್ಲಿ ನಮ್ಮನ್ನ ದಾಟೋ ಪ್ಲಾನು."

"ಹಾಗಾದ್ರೆ ಬೇಗ ಗಾಳಿ ಹೊಡಿ," ಅಕ್ಕ ಪಂಪು ಚಾಚಿದಳು. "ಅವರ ಮುಖ ನೋಡ್ತಾ ಕೂತ್ರೆ ಚಕ್ರ ತುಂಬಲ್ಲ."

ಗುಡ್ಡದ ಹಾದಿಯಲ್ಲಿ ನೂರು ಕಿಲೋಮೀಟರ್ ರೇಸು. ಇಬ್ಬಿಬ್ಬರ ತಂಡ. ಹತ್ತು ಗಂಟೆಯೊಳಗೆ ಇಬ್ಬರೂ ಗೆರೆ ದಾಟಬೇಕು. ಒಬ್ಬರು ಕೈಬಿಟ್ಟರೆ ಇನ್ನೊಬ್ಬರೂ ಹೊರಗೆ. ಹೋದ ವರ್ಷ, ಅದರ ಹಿಂದಿನ ವರ್ಷ, ಎರಡು ಸಲವೂ ಕೈಬಿಟ್ಟವನು ಇವನೇ. ಎರಡನೆಯ ಚೆಕ್‌ಪಾಯಿಂಟಿನಲ್ಲಿ ಯಾರೋ "ನೀವೇ ಕೊನೆ" ಎಂದದ್ದೇ ತಡ, ಸೈಕಲ್ ಸಮೇತ ವ್ಯಾನ್ ಹತ್ತಿದ್ದ. ಶಾಲೆಯ ಹೆಡ್‌ಮಿಸ್ ಆದ ಅಕ್ಕ, ಐವತ್ತು ದಾಟಿದವಳು, ವರ್ಷವಿಡೀ ಬೆಳಗಿನ ನಿದ್ದೆ ಬಿಟ್ಟು ತಯಾರಾದವಳು, ಪಕ್ಕದಲ್ಲಿ ತುಟಿ ಪಿಟಕ್ಕೆನ್ನದೆ ಕುಳಿತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈ ಸಲ ಹೊರಡುವ ಮುಂಚೆ ಮಾತ್ರ ಬಾಯಿ ತೆರೆದಿದ್ದಳು. "ನೋಡು, ಇವತ್ತೂ ವ್ಯಾನ್ ಹತ್ತಿದ್ಯೋ, ಮುಂದಿನ ವರ್ಷ ನಾನು ಬೇರೆ ಜೊತೆ ಹುಡುಕ್ಕೋತೀನಿ."

ಹೆಂಡತಿ ಮಕ್ಕಳಿಲ್ಲದ, ಆರು ದಿನ ಭೂತಗನ್ನಡಿಗೆ ಕಣ್ಣು ಒತ್ತಿಕೊಂಡು ಕೂರುವ ಮನುಷ್ಯ ಅವನು. ಅಕ್ಕನ ಜೊತೆ ಸೈಕಲ್ ತುಳಿಯುವ ಭಾನುವಾರವೊಂದೇ ಅವನ ಪಾಲಿನ ಹಬ್ಬ. ಅದೂ ಹೋದರೆ ಉಳಿಯುವುದೇನು?

ಹಾಗಾಗಿ ಇವತ್ತು, ಪಂಕ್ಚರ್ ಆಗುವ ಮುಂಚೆ, ಎರಡನೆಯ ಚೆಕ್‌ಪಾಯಿಂಟ್ ಬಂದಾಗ ಅವನು ವ್ಯಾನಿಗೆ ಬೆನ್ನು ಹಾಕಿ ನಿಂತಿದ್ದ. ಅಲ್ಲಿಂದ ಮುಂದೆ ವ್ಯಾನಿಗೆ ದಾರಿಯಿಲ್ಲ. ಅವನೂ ಅದರಾಚೆ ಎಂದೂ ಹೋದವನಲ್ಲ. ಅಕ್ಕ ಸಹಿ ಹಾಕಿ ಬಂದವಳು ತಣ್ಣಗೆ ಹೇಳಿದಳು: "ನಮ್ಮ ಹಿಂದೆ ಇನ್ನೂ ಇಬ್ಬರಿದ್ದಾರೆ."

ಅಕ್ಕ ಸುಳ್ಳು ಹೇಳುವವಳಲ್ಲ. ಹೋದ ಜೀವ ಬಂದಂತಾಯಿತು.

ಆ ಇಬ್ಬರನ್ನು ಅವನು ಅಲ್ಲೇ ನೋಡಿದ್ದು. ಒಬ್ಬ ಉದ್ದನೆಯವ, ಇನ್ನೊಬ್ಬ ಗುಂಡುಗುಂಡಗಿನವ, ಬೆನ್ನಿಗೆ ಉಬ್ಬಿದ ಚೀಲಗಳು. ಮೈಮೇಲೆ ಒಂದು ಹನಿ ಕೆಸರಿಲ್ಲ. ಇವನೋ ಮೂಗಿನ ತನಕ ಕೆಸರು. ಎಂಥ ಪಳಗಿದ ಕೈಗಳಿರಬೇಕು ಎಂದು ಹೊಟ್ಟೆ ಉರಿಯಿತು. ಅಷ್ಟರಲ್ಲಿ ಅಕ್ಕ ಅವರ ಬಳಿ ಹೋಗಿ ಏನೋ ಹೇಳಿದಳು. ಉದ್ದನೆಯವ ಮೊದಲು ಹುಬ್ಬೇರಿಸಿದ, ಆಮೇಲೆ ನಕ್ಕು ತಲೆಯಾಡಿಸಿದ.

"ಏನು ಅಷ್ಟೊಂದು ಮಾತು?"

"ಏನಿಲ್ಲಪ್ಪ. ಒಂದು ಸಣ್ಣ ಸಹಾಯ ಕೇಳ್ದೆ."

ಮುಂದಿನ ವರ್ಷದ ಜೊತೆ! ಇವತ್ತಿನ ರೇಸು ಮುಗಿಯುವ ಮುಂಚೆಯೇ ಗೊತ್ತುಮಾಡಿಕೊಳ್ಳುತ್ತಿದ್ದಾಳೆ! ಅವನು ಸಿಟ್ಟಿನಲ್ಲಿ ಪೆಡಲ್ ಒತ್ತಿದ. ಆ ಸಿಟ್ಟು ಮೂರು ಗುಡ್ಡ ಹತ್ತಿಸಿತು.

ಅವರು ಮಾತ್ರ ಬೆನ್ನು ಬಿಡಲಿಲ್ಲ. ಇವನು ಓಡಿದರೆ ಓಡಿದರು, ನಿಂತರೆ ನಿಂತರು. ಟ್ಯೂಬ್ ಬದಲಿಸಿ ಹೊರಟ ಮೇಲೆ ತಿರುಗಿ ನೋಡಿದರೆ, ದಾರಿ ತೋರಿಸಲೆಂದು ಮರಕ್ಕೆ ಕಟ್ಟಿದ್ದ ಹಳದಿ ರಿಬ್ಬನ್ನನ್ನು ಉದ್ದನೆಯವ ಬಿಚ್ಚಿ ಚೀಲಕ್ಕೆ ತುರುಕುತ್ತಿದ್ದ.

"ಮೋಸ ಅಕ್ಕಾ! ದಾರಿ ಗುರುತನ್ನೇ ಕಿತ್ತು ಚೀಲಕ್ಕೆ ಹಾಕ್ಕೋತಿದ್ದಾನೆ. ಕಂಪ್ಲೇಂಟ್ ಕೊಡ್ತೀನಿ."

"ಕೊಡು. ಗೆರೆ ದಾಟಿ ಕೊಡು."

ಮೂರನೆಯ ಚೆಕ್‌ಪಾಯಿಂಟಿನಲ್ಲಿ ಬಾಳೆಹಣ್ಣಿನ ಬುಟ್ಟಿ ಖಾಲಿ. ಅಲ್ಲಿದ್ದ ಹೆಂಗಸು ಇವರ ನಂಬರ್ ಗೀಚಿಕೊಂಡು ಮೇಜು ಮಡಚತೊಡಗಿದಳು. ಹಿಂದಿನವರಿಗೆ ನೀರಾದರೂ ಬೇಡವೇ? ಬೇಡವೇ ಬೇಡ, ಒಣಗಲಿ ಎಂದುಕೊಂಡು ಅವನು ಒಳಗೊಳಗೇ ಹಿಗ್ಗಿದ.

ಕೊನೆಯ ಏರಿನಲ್ಲಿ ಅಕ್ಕನ ಮೀನಖಂಡ ಹಿಡಿದುಕೊಂಡಿತು. ಅವಳು ಹಲ್ಲು ಕಚ್ಚಿ ಸೈಕಲ್ಲಿನಿಂದ ಇಳಿದು ಬೇಲಿಗೆ ಒರಗಿದಳು.

"ಆಗಲ್ಲ ಕಣೋ."

ಹಿಂದೆ ಚಕ್ರಗಳ ಸದ್ದು. ಅವನು ಒಂದು ಕೈಯಲ್ಲಿ ತನ್ನ ಸೈಕಲ್, ಇನ್ನೊಂದರಲ್ಲಿ ಅವಳದು ಹಿಡಿದ. "ನಡಿ ಅಕ್ಕಾ. ನಡೆದರೆ ಸಾಕು. ಇಷ್ಟು ದೂರ ಬಂದು ನಾನು ಬಿಡಲ್ಲ." ಆ ಮಾತು ತನ್ನ ಬಾಯಿಂದ ಬಂದದ್ದು ಅವನಿಗೇ ನಂಬಲಾಗಲಿಲ್ಲ. ಎರಡೂ ಸೈಕಲ್ಲುಗಳನ್ನು ಏದುಸಿರಿನಲ್ಲಿ ದಿಣ್ಣೆಯ ತುದಿಗೆ ತಳ್ಳಿದ. ಅಕ್ಕ ಕುಂಟುತ್ತ ಬಂದು ಹತ್ತಿದಳು. ಇಳಿಜಾರಿನಲ್ಲಿ ಇಬ್ಬರೂ ಬ್ರೇಕ್ ಮುಟ್ಟಲಿಲ್ಲ.

ಒಂಬತ್ತು ಗಂಟೆ ಐವತ್ತಮೂರು ನಿಮಿಷ. ಇಬ್ಬರೂ ಒಟ್ಟಿಗೆ ಗೆರೆ ದಾಟಿದರು.

"ಸೋಲಿಸಿದ್ವಿ!" ಅವನು ಸೈಕಲ್ ಬೀಳಿಸಿ ಅಕ್ಕನನ್ನು ತಬ್ಬಿಕೊಂಡ. ಅಕ್ಕ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಮುಂದಿನ ವರ್ಷಾನೂ ನೀನೇ ಕಣೋ, ಬೇರೆ ಯಾರನ್ನ ಹುಡುಕಲಿ," ಎಂದಳು. ಸುತ್ತ ನಾಲ್ಕೇ ಜನ ಚಪ್ಪಾಳೆ ತಟ್ಟಿದರು. ಉಳಿದವರು ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ಅವನಿಗೆ ಅದೊಂದೂ ಕಾಣಲಿಲ್ಲ.

ಹಿಂದಿನ ಜೋಡಿ ಮೆಲ್ಲಗೆ ಉರುಳುತ್ತ ಬಂತು. ಬೆವರೂ ಇಲ್ಲ, ಸೋತ ಮುಖವೂ ಇಲ್ಲ. ರಿಬ್ಬನ್ನಿನ ವಿಷಯ ಕೇಳಿಯೇ ಬಿಡೋಣವೆಂದು ಅವನು ಎದೆಯುಬ್ಬಿಸಿ ಎರಡು ಹೆಜ್ಜೆ ಮುಂದಿಟ್ಟ. ಉದ್ದನೆಯವ ಇವನನ್ನು ದಾಟಿ ಅಕ್ಕನ ಕಡೆ ನೋಡಿದ.

"ಮೇಡಂ, ಇನ್ನಾದ್ರೂ ಹಾಕ್ಕೋಬಹುದಾ?"

ಅಕ್ಕ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಇಬ್ಬರೂ ಚೀಲದಿಂದ ಕಿತ್ತಳೆ ಬಣ್ಣದ ಜಾಕೆಟ್ ತೆಗೆದು ಹಾಕಿಕೊಂಡು, ಅತ್ತ ತಿರುಗಿದರು.

ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಕೊನೆಯ ತಂಡದ ಬೆಂಗಾವಲು'.