ಒರಗಿದ ಜಾಗ

ಅಷ್ಟೊತ್ತು ಠಣ್ ಠಣ್ ಎನ್ನುತ್ತಿದ್ದ ಟ್ಯಾಂಕು, ಅಪ್ಪ ಒರಗಿ ಕೂತಿದ್ದ ಜಾಗದ ಪಕ್ಕಕ್ಕೆ ಬರುತ್ತಲೇ ಅವಳ ಪುಟ್ಟ ಸುತ್ತಿಗೆಗೆ ಬೊದ್ ಎಂದು ಉತ್ತರ ಕೊಟ್ಟಿತು. ಫೈಬರ್‌ಗ್ಲಾಸಿನ ಗೋಡೆ ಒಳಗೊಳಗೇ ಪದರ ಬಿಟ್ಟರೆ ಹೀಗೇ ಸದ್ದು. ಒಳಗೆ ಕಂಠಮಟ್ಟ ಆ್ಯಸಿಡ್ ತುಂಬಿತ್ತು.

“ಅಪ್ಪಾ, ಏಳಿ.”

“ತುತ್ತು ಬಾಯಲ್ಲಿದೆ ಕಣೇ. ಹೋದ ವರ್ಷ ತಪಾಸಣೆಗೆ ಬಂದಾಗ ಸುಮ್ಮನೆ ದಾಟ್ಕೊಂಡು ಹೋಗಿದ್ದೆ. ಈ ಸಲ ದೊಡ್ಡ ಮೇಡಮ್ ಆಗ್ಬಿಟ್ಟೆಯಾ?”

ಹೌದು, ದಾಟಿಕೊಂಡು ಹೋಗಿದ್ದಳು. ಮೂವತ್ತು ವರ್ಷ ಈ ಟ್ಯಾಂಕುಗಳನ್ನು ಕಾದ ಮನುಷ್ಯ ನೆರಳಲ್ಲಿ ಕೂತು ಉಣ್ಣುವಾಗ ಎಬ್ಬಿಸಲು ಮನಸ್ಸು ಬಾರದೆ, ಅಷ್ಟಗಲ ಜಾಗ ಬಿಟ್ಟು, ಹಾಳೆಯಲ್ಲಿ ಮಾತ್ರ ‘ಸರಿಯಿದೆ’ ಎಂದು ಬರೆದಿದ್ದಳು.

“ಏಳಿ ಅಂದೆನಲ್ಲ!”

ಅವಳ ದನಿಗೆ ಬೆಚ್ಚಿ ಅಪ್ಪ ಡಬ್ಬಿ ಹಿಡಿದುಕೊಂಡೇ ಎದ್ದರು. ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು, ಅದರ ತುದಿಯಲ್ಲಿ ಬೆವರಿನಂಥ ಒಂದು ಹನಿ. ಅಪ್ಪನ ಅಂಗಿಯ ಬೆನ್ನಲ್ಲಿ, ಸರಿಯಾಗಿ ಅದೇ ಎತ್ತರಕ್ಕೆ, ಅವಳೇ ಹಾಕಿದ ತೇಪೆಯ ಸುತ್ತ ಹೊಸ ತೂತುಗಳು. ಸಿಗರೇಟು ಬಿಟ್ಟೆ ಅಂತ ಸುಳ್ಳು ಹೇಳ್ತೀರಿ ಎಂದು ಬೈಯುತ್ತಲೇ ಎಷ್ಟು ಅಂಗಿ ಹೊಲಿದಿದ್ದಳು! ಸಿಗರೇಟಿನ ಕಿಡಿ ಬೆನ್ನಿಗೆ ಹೇಗೆ ಬಿದ್ದೀತು ಎಂದು ಒಮ್ಮೆಯೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಅಂಗಿ ಎತ್ತಿದಳು.

“ಬೆವರುಸಾಲೆ ಕಣೇ,” ಎಂದರು ಅಪ್ಪ ನಾಚಿಕೊಂಡು. “ಒಂದು ವರ್ಷದಿಂದ ಹೋಗ್ತಾನೇ ಇಲ್ಲ.”